ಬೇಲಿಯೇ ಹೊಲ ಮೇಯ್ದ ದಿನ: ಅಪ್‌ಡೇಟ್‌ಗೆ ಹಿಂದಿರುಗುವ ದಾರಿಯೂ ಬೇಕು

ಬೆಂಗಳೂರು: 2024ರ ಜುಲೈ 19, ಶುಕ್ರವಾರ. ಭಾರತೀಯ ಕಾಲಮಾನ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯು ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಒಂದು ಪುಟ್ಟ ಕಡತವನ್ನು ರವಾನಿಸಿತು. ಅದು ವೈರಸ್ ಆಗಿರಲಿಲ್ಲ. ಕಂಪ್ಯೂಟರ್‌ಗಳನ್ನು ದುಷ್ಕರ್ಮಿಗಳಿಂದ ಕಾಯುವ ತಂತ್ರಾಂಶಕ್ಕೆ ದಿನನಿತ್ಯ ತಲುಪುವ ಅಪ್‌ಡೇಟ್‌ಗಳಲ್ಲಿ ಅದೂ ಒಂದು. ಆದರೆ ಆ ಕಡತ ತಲುಪಿದ ವಿಂಡೋಸ್ ಯಂತ್ರಗಳು ಒಂದರ ಹಿಂದೊಂದು ನೀಲಿ ಪರದೆ ತೋರಿಸಿ ನಿಂತುಹೋದವು. ಪುನಃ ಚಾಲೂ ಮಾಡಿದರೆ ಮತ್ತೆ ಅದೇ ನೀಲಿ ಪರದೆ.

ಮೈಕ್ರೋಸಾಫ್ಟ್ ಮರುದಿನ ನೀಡಿದ ಅಂದಾಜಿನ ಪ್ರಕಾರ ಹೀಗೆ ನಿಷ್ಕ್ರಿಯಗೊಂಡ ಯಂತ್ರಗಳ ಸಂಖ್ಯೆ 85 ಲಕ್ಷ. ಜಗತ್ತಿನ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಇದು ಶೇ. 1ಕ್ಕಿಂತಲೂ ಕಡಿಮೆ. ಆದರೆ ಆ ಶೇ. 1ರೊಳಗೆ ವಿಮಾನ ನಿಲ್ದಾಣಗಳಿದ್ದವು, ಆಸ್ಪತ್ರೆಗಳಿದ್ದವು, ಬ್ಯಾಂಕುಗಳಿದ್ದವು. ಬ್ರಿಟನ್ನಿನಲ್ಲಿ ಸ್ಕೈ ನ್ಯೂಸ್ ವಾಹಿನಿಯ ಪ್ರಸಾರ ಕೆಲಕಾಲ ಸ್ಥಗಿತಗೊಂಡಿತು. ಅಮೆರಿಕದ ಕೆಲವು ರಾಜ್ಯಗಳಲ್ಲಿ ತುರ್ತು ಕರೆಯ 911 ಸೇವೆಗೆ ಅಡಚಣೆಯಾಯಿತು. ಡೆಲ್ಟಾ ವಿಮಾನಯಾನ ಸಂಸ್ಥೆಯೊಂದೇ ಮುಂದಿನ 5 ದಿನಗಳಲ್ಲಿ ಸುಮಾರು 7,000 ವಿಮಾನಗಳ ಸಂಚಾರವನ್ನು ರದ್ದುಪಡಿಸಬೇಕಾಯಿತು.

ಭಾರತದಲ್ಲಿಯೂ ವಿಮಾನಯಾನವೇ ಹೆಚ್ಚಿನ ಪೆಟ್ಟು ತಿಂದಿತು. ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಂಡಿಗೊ, ಆಕಾಸ, ಸ್ಪೈಸ್‌ಜೆಟ್ ಪ್ರಯಾಣಿಕರು ಉದ್ದನೆಯ ಸಾಲಿನಲ್ಲಿ ನಿಲ್ಲಬೇಕಾಯಿತು. ಇಂಡಿಗೊ ಸುಮಾರು 200 ವಿಮಾನಗಳನ್ನು ರದ್ದುಗೊಳಿಸಿತು. ಕೈಬರಹದ ಬೋರ್ಡಿಂಗ್ ಪಾಸ್ ಎಂಬ, ಹಳೆಯ ತಲೆಮಾರಿನವರೂ ಮರೆತಿದ್ದ ವಸ್ತು ಒಂದು ದಿನದ ಮಟ್ಟಿಗೆ ಪುನರ್ಜನ್ಮ ಪಡೆಯಿತು. ದೇಶದ 10 ಬ್ಯಾಂಕುಗಳು ಹಾಗೂ ಬ್ಯಾಂಕೇತರ ಹಣಕಾಸು ಸಂಸ್ಥೆಗಳಲ್ಲಿ ಸಣ್ಣ ಪ್ರಮಾಣದ ವ್ಯತ್ಯಯ ಮಾತ್ರ ಉಂಟಾಗಿದೆಯೆಂದು ರಿಸರ್ವ್ ಬ್ಯಾಂಕ್ ತಿಳಿಸಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಜಾಲಕ್ಕೆ ಧಕ್ಕೆಯಾಗಿಲ್ಲವೆಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಸ್ಪಷ್ಟಪಡಿಸಿದರು.

ಘಟನೆ ಹಳೆಯದಾಯಿತು, ವಿಮಾನಗಳು ಮತ್ತೆ ಹಾರಿದವು. ಆದರೆ ಅದು ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಹೊಸ ಆವೃತ್ತಿಗೆ ಬದಲಾಗುವ ಅನಿವಾರ್ಯತೆ ಮನೆಗಳಿಗೂ, ಸಣ್ಣ ಕಚೇರಿಗಳಿಗೂ ಎದುರಾಗಿದೆ. ಅನುಸ್ಥಾಪನೆಯ ನಡುವೆ ಯಂತ್ರವೇ ಕುಸಿದುಬಿದ್ದರೆ ಗತಿಯೇನು ಎಂಬುದು ಇನ್ನು ವಿಮಾನಯಾನ ಸಂಸ್ಥೆಗಳ ಚಿಂತೆ ಮಾತ್ರವಲ್ಲ.

20 ಕಾಲಂಗಳ ಅರ್ಜಿ, 21ನೇ ಪ್ರಶ್ನೆ

ಅಂದು ನಿಖರವಾಗಿ ನಡೆದುದೇನು? ಕ್ರೌಡ್‌ಸ್ಟ್ರೈಕ್ ಸಂಸ್ಥೆಯೇ ಪ್ರಕಟಿಸಿದ ಕಾರಣ ವಿಶ್ಲೇಷಣಾ ವರದಿಯಲ್ಲಿ ಇದಕ್ಕೆ ಉತ್ತರವಿದೆ. ತಾಂತ್ರಿಕ ಪದಗಳ ಹೊರೆಯನ್ನು ಕೆಳಗಿಳಿಸಿದರೆ ವಿಷಯ ಅಷ್ಟೇನೂ ಜಟಿಲವಲ್ಲ.

ಸರ್ಕಾರಿ ಕಚೇರಿಯ ಅರ್ಜಿಯೊಂದನ್ನು ಕಲ್ಪಿಸಿಕೊಳ್ಳಿ. ನಿಯಮಾವಳಿಯ ಪ್ರಕಾರ ಅರ್ಜಿಯಲ್ಲಿ 21 ಕಾಲಂಗಳಿರಬೇಕು. ಆದರೆ ಗುಮಾಸ್ತನ ಕೈಗೆ ಬರುವ ಅರ್ಜಿಯಲ್ಲಿ ಇರುವುದು 20 ಮಾತ್ರ. 21ನೆಯ ಕಾಲಂನಲ್ಲಿ ಏನಿದ್ದರೂ ಆಗಬಹುದು ಎಂಬ ಸೂಚನೆ ಇರುವಷ್ಟು ದಿನ ಗುಮಾಸ್ತ ಆ ಕಡೆ ಕಣ್ಣು ಹಾಯಿಸುವುದೇ ಇಲ್ಲ, ಕೆಲಸ ಸಾಂಗವಾಗಿ ಸಾಗುತ್ತದೆ. ಒಂದು ದಿನ, 21ನೆಯ ಕಾಲಂ ಅನ್ನೂ ಪರಿಶೀಲಿಸತಕ್ಕದ್ದು ಎಂಬ ಆದೇಶ ಬರುತ್ತದೆ. ಇಲ್ಲದ ಕಾಲಂ ಅನ್ನು ಹುಡುಕಲು ಹೊರಟ ಗುಮಾಸ್ತ ಪಕ್ಕದ ಮೇಜಿನ ಮೇಲಿರುವ, ತನಗೆ ಸಂಬಂಧವೇ ಇಲ್ಲದ ಕಾಗದಕ್ಕೆ ಕೈಹಾಕುತ್ತಾನೆ.

ಕ್ರೌಡ್‌ಸ್ಟ್ರೈಕ್‌ನ ‘ಫಾಲ್ಕನ್’ ತಂತ್ರಾಂಶದಲ್ಲಿ ನಡೆದುದು ಇದೇ. 2024ರ ಫೆಬ್ರವರಿಯಲ್ಲಿ ಸೇರ್ಪಡೆಯಾದ ಹೊಸ ಸೌಲಭ್ಯಕ್ಕೆ 21 ಅಂಶಗಳನ್ನು ನಿಗದಿಪಡಿಸಲಾಗಿತ್ತು. ಅವುಗಳನ್ನು ಒದಗಿಸುವ ಭಾಗ ಮಾತ್ರ 20 ಅಂಶಗಳನ್ನಷ್ಟೇ ಕೊಡುತ್ತಿತ್ತು. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಬಂದ ಅಪ್‌ಡೇಟ್‌ಗಳು 21ನೆಯದನ್ನು ಮುಟ್ಟಲಿಲ್ಲವಾದ್ದರಿಂದ ದೋಷ ಬೆಳಕಿಗೆ ಬರಲಿಲ್ಲ. ಜುಲೈ 19ರ ಅಪ್‌ಡೇಟ್ ಅದನ್ನು ಮುಟ್ಟಿತು. ತಂತ್ರಾಂಶ ತನ್ನದಲ್ಲದ ಸ್ಮೃತಿಕೋಶವನ್ನು ಓದಲು ಹೋಯಿತು. ಕಡತವನ್ನು ಬಿಡುಗಡೆಗೆ ಮುನ್ನ ಪರೀಕ್ಷಿಸಬೇಕಿದ್ದ ಸ್ವಯಂಚಾಲಿತ ವ್ಯವಸ್ಥೆಯಲ್ಲಿಯೂ ದೋಷವಿದ್ದುದರಿಂದ ಅದು ‘ಸರಿಯಾಗಿದೆ’ ಎಂದೇ ಮುದ್ರೆಯೊತ್ತಿತ್ತು.

ಸಾಮಾನ್ಯ ತಂತ್ರಾಂಶವೊಂದು ಇಂತಹ ತಪ್ಪು ಮಾಡಿದ್ದರೆ ಆ ತಂತ್ರಾಂಶವಷ್ಟೇ ಮುಚ್ಚಿಹೋಗುತ್ತಿತ್ತು. ಆದರೆ ಫಾಲ್ಕನ್ ಕೆಲಸ ಮಾಡುವುದು ವಿಂಡೋಸ್‌ನ ಗರ್ಭಗುಡಿಯಲ್ಲಿ, ಅಂದರೆ ಕರ್ನಲ್ ಎಂದು ಕರೆಯಲಾಗುವ ಅತ್ಯಂತ ಒಳಗಿನ ಪದರದಲ್ಲಿ. ಅಲ್ಲಿ ದೋಷ ಸಂಭವಿಸಿದರೆ ದತ್ತಾಂಶ ಇನ್ನಷ್ಟು ಹಾಳಾಗದಿರಲೆಂದು ವಿಂಡೋಸ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ನೀಲಿ ಪರದೆಯ ಅರ್ಥ ಅದೇ. ಯಂತ್ರ ಮರುಚಾಲನೆಯಾಗುವಾಗ ರಕ್ಷಣಾ ತಂತ್ರಾಂಶವೇ ಮೊದಲಿಗರಲ್ಲಿ ಒಂದಾಗಿ ಎದ್ದು ಕೂರುವುದರಿಂದ ಅದೇ ಕಡತ ಮತ್ತೆ ಓದಲ್ಪಡುತ್ತಿತ್ತು, ಯಂತ್ರ ಮತ್ತೆ ಕುಸಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

78 ನಿಮಿಷದ ತಪ್ಪು, ದಿನಗಟ್ಟಲೆ ದುರಸ್ತಿ

ಸಂಸ್ಥೆಯು ತಪ್ಪನ್ನು ಅರಿತು ಕಡತವನ್ನು ಹಿಂತೆಗೆದುಕೊಂಡಾಗ ಬೆಳಗ್ಗೆ 10 ಗಂಟೆ 57 ನಿಮಿಷ. ಅಂದರೆ ದೋಷಯುಕ್ತ ಅಪ್‌ಡೇಟ್ ಚಲಾವಣೆಯಲ್ಲಿದ್ದುದು 78 ನಿಮಿಷ ಮಾತ್ರ. ಆದರೆ ಅಷ್ಟರಲ್ಲಿ ಕುಸಿದಿದ್ದ ಯಂತ್ರಗಳಿಗೆ ಈ ಹಿಂತೆಗೆತದಿಂದ ಪ್ರಯೋಜನವಾಗಲಿಲ್ಲ. ಸರಿಯಾದ ಕಡತವನ್ನು ಪಡೆಯಬೇಕಾದರೆ ಯಂತ್ರ ಚಾಲೂ ಆಗಬೇಕು, ಅಂತರ್ಜಾಲಕ್ಕೆ ಸಂಪರ್ಕ ಹೊಂದಬೇಕು. ಚಾಲೂ ಆಗುವುದೇ ಸಾಧ್ಯವಿಲ್ಲದಿರುವಾಗ ಔಷಧ ತಲುಪುವುದಾದರೂ ಹೇಗೆ?

ಕೆಲವು ಯಂತ್ರಗಳನ್ನು ಮತ್ತೆ ಮತ್ತೆ ಮರುಚಾಲನೆ ಮಾಡಿದಾಗ ಕುಸಿಯುವ ಮುನ್ನ ಸಿಗುವ ಕೆಲವೇ ಕ್ಷಣಗಳಲ್ಲಿ ಹೊಸ ಕಡತ ಇಳಿದು ಯಂತ್ರ ಸರಿಹೋದದ್ದುಂಟು. 15 ಬಾರಿಯವರೆಗೂ ಪ್ರಯತ್ನಿಸಬೇಕಾಗಬಹುದೆಂದು ಮೈಕ್ರೋಸಾಫ್ಟ್ ಸಲಹೆ ನೀಡಿದ್ದು ಅಂದಿನ ಪರಿಸ್ಥಿತಿಗೆ ಹಿಡಿದ ಕನ್ನಡಿ. ಉಳಿದ ಯಂತ್ರಗಳಿಗೆ ಇದ್ದುದು ಒಂದೇ ದಾರಿ: ತಂತ್ರಜ್ಞನೊಬ್ಬ ಪ್ರತಿ ಯಂತ್ರದ ಮುಂದೆ ಕುಳಿತು, ಅದನ್ನು ಸೇಫ್ ಮೋಡ್‌ನಲ್ಲಿ ತೆರೆದು, ಚಾಲಕ ತಂತ್ರಾಂಶಗಳ ಕಡತಕೋಶದಲ್ಲಿ 291 ಎಂಬ ಸಂಖ್ಯೆ ಹೊತ್ತ ಆ ಕಡತವನ್ನು ಹುಡುಕಿ ಅಳಿಸಬೇಕಿತ್ತು.

ಇಲ್ಲಿಯೂ ಒಂದು ತೊಡಕು ಕಾದಿತ್ತು. ಭದ್ರತೆಗಾಗಿ ಬಹುತೇಕ ಸಂಸ್ಥೆಗಳು ಬಿಟ್‌ಲಾಕರ್ ಬಳಸಿ ತಮ್ಮ ಡಿಸ್ಕ್‌ಗಳನ್ನು ಗೂಢಲಿಪೀಕರಿಸಿರುತ್ತವೆ. ಅಂತಹ ಯಂತ್ರವನ್ನು ದುರಸ್ತಿಗಾಗಿ ತೆರೆಯಲು 48 ಅಂಕಿಗಳ ಕೀಲಿ ಬೇಕು. ಆ ಕೀಲಿಗಳನ್ನು ಸಂಗ್ರಹಿಸಿಟ್ಟಿದ್ದ ಸರ್ವರ್ ಕೂಡ ನೀಲಿ ಪರದೆ ತೋರಿಸುತ್ತ ನಿಂತಿದ್ದರೆ? ಬೀಗದ ಕೈಯನ್ನು ಬೀಗ ಹಾಕಿದ ಪೆಟ್ಟಿಗೆಯೊಳಗೇ ಇಟ್ಟಂತೆ. ಜುಲೈ 25ರ ವೇಳೆಗೆ, ಅಂದರೆ 6 ದಿನಗಳ ಬಳಿಕ, ಶೇ. 97ಕ್ಕೂ ಹೆಚ್ಚು ಯಂತ್ರಗಳು ಮರಳಿ ಕೆಲಸ ಆರಂಭಿಸಿವೆಯೆಂದು ಸಂಸ್ಥೆ ಪ್ರಕಟಿಸಿತು.

ದುರಸ್ತಿಯ ಗಡಿಬಿಡಿಯಲ್ಲಿ ವಂಚಕರೂ ಸುಮ್ಮನೆ ಕೂರಲಿಲ್ಲ. ‘ನಿಮ್ಮ ಕಂಪ್ಯೂಟರ್ ಸರಿಪಡಿಸುತ್ತೇವೆ’ ಎಂಬ ನಕಲಿ ಇ-ಮೇಲ್‌ಗಳು, ನಕಲಿ ತಾಣಗಳು ತಲೆಯೆತ್ತಿದವು. ಭಾರತದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ ‘ಸರ್ಟ್-ಇನ್’ ಮೊದಲು ದುರಸ್ತಿಯ ಕ್ರಮವನ್ನೂ, ಬಳಿಕ ಈ ವಂಚನೆಗಳ ಕುರಿತು ಎಚ್ಚರಿಕೆಯನ್ನೂ ಪ್ರಕಟಿಸಬೇಕಾಯಿತು.

ಇದೇ ಮೊದಲಲ್ಲ

ಅಪ್‌ಡೇಟ್ ಎಂಬುದು ಯಂತ್ರವನ್ನು ಕೆಡವಿದ ಇತಿಹಾಸ ದೀರ್ಘವಾಗಿಯೇ ಇದೆ. ಗಮನಾರ್ಹ ಸಂಗತಿಯೆಂದರೆ ಪ್ರತಿ ಬಾರಿಯೂ ಕಾರಣ ಬೇರೆಯೇ ಆಗಿತ್ತು.

2008ರಲ್ಲಿ ವಿಂಡೋಸ್ ಎಕ್ಸ್‌ಪಿಯ 3ನೇ ಸರ್ವಿಸ್ ಪ್ಯಾಕ್ ಹಾಕಿಕೊಂಡ ಕೆಲವು ಕಂಪ್ಯೂಟರ್‌ಗಳು ನಿರಂತರ ಮರುಚಾಲನೆಯ ಸುಳಿಗೆ ಸಿಲುಕಿದವು. ಎಎಂಡಿ ಪ್ರೊಸೆಸರ್ ಇದ್ದ ಯಂತ್ರಗಳಲ್ಲಿ ಇಂಟೆಲ್ ಪ್ರೊಸೆಸರ್‌ಗೆ ಮೀಸಲಾದ ಚಾಲಕ ತಂತ್ರಾಂಶವನ್ನು ತಯಾರಕರು ತುಂಬಿಸಿಟ್ಟಿದ್ದುದು ಅದಕ್ಕೆ ಕಾರಣ. 2010ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್‌ನ ಭದ್ರತಾ ಅಪ್‌ಡೇಟ್ ಒಂದು ಎಕ್ಸ್‌ಪಿ ಯಂತ್ರಗಳಲ್ಲಿ ನೀಲಿ ಪರದೆ ತಂದಾಗ ಎಲ್ಲರೂ ಕಂಪನಿಯನ್ನು ದೂರಿದರು. ತನಿಖೆಯಲ್ಲಿ ಹೊರಬಿದ್ದ ಸತ್ಯವೇ ಬೇರೆ. ಆ ಯಂತ್ರಗಳಲ್ಲಿ ‘ಅಲ್ಯೂರಿಯಾನ್’ ಎಂಬ ಕುತಂತ್ರಾಂಶ ಮೊದಲೇ ಗುಟ್ಟಾಗಿ ಬೀಡುಬಿಟ್ಟಿತ್ತು. ಅಪ್‌ಡೇಟ್ ವಿಂಡೋಸ್‌ನ ಒಳರಚನೆಯನ್ನು ಬದಲಿಸಿದಾಗ ಆ ಕುತಂತ್ರಾಂಶ ಎಡವಿಬಿದ್ದು ಯಂತ್ರವನ್ನೂ ಕೆಡವಿತ್ತು. ರೋಗ ಹಳೆಯದು, ಅಪ್‌ಡೇಟ್ ಅದನ್ನು ಬಯಲಿಗೆಳೆದಿತ್ತಷ್ಟೆ.

ಅದೇ ವರ್ಷದ ಏಪ್ರಿಲ್ 21ರಂದು ಮೆಕಫೀ ಸಂಸ್ಥೆಯ ವೈರಸ್ ನಿರೋಧಕ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ತಪ್ಪಾಗಿ ಗುರುತಿಸಿ ತೆಗೆದುಹಾಕಿತು. ಯಂತ್ರಗಳು ಮರುಚಾಲನೆಯ ಚಕ್ರಕ್ಕೆ ಬಿದ್ದವು. ಆಗ ಮೆಕಫೀಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದವರು ಜಾರ್ಜ್ ಕರ್ಟ್ಸ್. 2011ರಲ್ಲಿ ಕ್ರೌಡ್‌ಸ್ಟ್ರೈಕ್ ಸ್ಥಾಪಿಸಿದವರಲ್ಲಿ ಅವರೂ ಒಬ್ಬರು, 2024ರಲ್ಲಿ ಅದರ ಮುಖ್ಯ ಕಾರ್ಯನಿರ್ವಹಣಾಧಿಕಾರಿಯೂ ಅವರೇ. ಇದು ಕಾಕತಾಳೀಯವೇ ಇರಬಹುದು. ಆದರೆ 14 ವರ್ಷಗಳ ಹಿಂದಿನ ಪಾಠವನ್ನು ಇಡೀ ಉದ್ಯಮ ಎಷ್ಟರಮಟ್ಟಿಗೆ ಕಲಿತಿದೆ ಎಂಬ ಪ್ರಶ್ನೆಯನ್ನಂತೂ ಅದು ಹುಟ್ಟುಹಾಕುತ್ತದೆ.

2018ರ ಜನವರಿಯಲ್ಲಿ ಪ್ರೊಸೆಸರ್ ದೋಷ ಸರಿಪಡಿಸಲು ಬಂದ ಅಪ್‌ಡೇಟ್ ಕೆಲವು ಹಳೆಯ ಎಎಂಡಿ ಯಂತ್ರಗಳನ್ನು ಚಾಲೂ ಆಗದಂತೆ ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್ ಕೆಲವರ ಖಾಸಗಿ ಕಡತಗಳನ್ನೇ ಅಳಿಸಿಹಾಕಿತು. ತೊಂದರೆಗೊಳಗಾದವರ ಪ್ರಮಾಣ ಶೇ. 0.01ರಷ್ಟು ಎಂದು ಮೈಕ್ರೋಸಾಫ್ಟ್ ಹೇಳಿದರೂ ವಿತರಣೆಯನ್ನು ನಿಲ್ಲಿಸಿ, ನವೆಂಬರ್ 13ರಂದು ಮತ್ತೆ ಬಿಡುಗಡೆ ಮಾಡಿತು. 2024ರ ಜನವರಿಯ ಮತ್ತೊಂದು ಅಪ್‌ಡೇಟ್ ಅಸಂಖ್ಯ ಯಂತ್ರಗಳಲ್ಲಿ ವಿಫಲವಾದದ್ದು, ದುರಸ್ತಿಗೆಂದು ಮೀಸಲಿಟ್ಟ ಡಿಸ್ಕ್ ವಿಭಾಗದಲ್ಲಿ ಸಾಕಷ್ಟು ಜಾಗವಿಲ್ಲವೆಂಬ ಕಾರಣಕ್ಕೆ.

ತಪ್ಪು ಚಾಲಕ ತಂತ್ರಾಂಶ, ಅಡಗಿದ್ದ ಸೋಂಕು, ತಪ್ಪು ಗುರುತಿಸುವಿಕೆ, ಹಳೆಯ ಪ್ರೊಸೆಸರ್, ಜಾಗದ ಅಭಾವ, ಕೊನೆಗೆ ಇಲ್ಲದ 21ನೆಯ ಅಂಶ. ಇವುಗಳಲ್ಲಿ ಹಲವು ಆಯಾ ಯಂತ್ರದ ವೈಶಿಷ್ಟ್ಯದಿಂದ ಹುಟ್ಟಿದವು. ಜಗತ್ತಿನ ಎಲ್ಲ ಬಗೆಯ ಕಂಪ್ಯೂಟರ್‌ಗಳನ್ನು ಯಾವ ಪ್ರಯೋಗಾಲಯವೂ ತನ್ನ ಕೊಠಡಿಯಲ್ಲಿ ಇಟ್ಟುಕೊಂಡಿರಲು ಸಾಧ್ಯವಿಲ್ಲ. ಆದ್ದರಿಂದ ಯಾವ ಅಪ್‌ಡೇಟ್ ಕೂಡ ನೂರಕ್ಕೆ ನೂರು ಸುರಕ್ಷಿತವೆಂದು ಭರವಸೆ ಕೊಡಲು ಯಾರಿಂದಲೂ ಆಗದು.

ಮೂಗು ಕೊಯ್ದುಕೊಳ್ಳುವುದು ಪರಿಹಾರವೇ?

ಹಾಗಾದರೆ ಅಪ್‌ಡೇಟ್ ಉಸಾಬರಿಯೇ ಬೇಡವೆಂದು ನಿಲ್ಲಿಸಿಬಿಡುವುದು ಜಾಣತನವೇ? ಅನೇಕ ಸಣ್ಣ ಕಚೇರಿಗಳಲ್ಲಿ, ಸೈಬರ್ ಕೇಂದ್ರಗಳಲ್ಲಿ ಈ ‘ಪರಿಹಾರ’ ಜಾರಿಯಲ್ಲಿರುವುದು ರಹಸ್ಯವೇನಲ್ಲ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೆ ಆಗುವುದೇನೆಂಬುದಕ್ಕೂ ಇತಿಹಾಸದಲ್ಲಿ ಸಾಕ್ಷ್ಯವಿದೆ.

2017ರ ಮೇ 12ರಂದು ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ ಭಾರತವೂ ಸೇರಿದಂತೆ ಸುಮಾರು 150 ದೇಶಗಳ 2 ಲಕ್ಷಕ್ಕೂ ಅಧಿಕ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣಕ್ಕೆ ಬೇಡಿಕೆಯಿಟ್ಟಿತು. ಅದು ನುಸುಳಿದ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಅನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು 2 ತಿಂಗಳ ಮೊದಲೇ ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಪಾರಾದರು, ಮುಂದೂಡಿದವರು ಸಿಕ್ಕಿಬಿದ್ದರು.

ಬ್ರಿಟನ್ನಿನ ಆರೋಗ್ಯ ಸೇವೆಯ ಅನುಭವವನ್ನೇ ನೋಡಿ. 2017ರಲ್ಲಿ ಅಲ್ಲಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಗಿ ಬಂದದ್ದು ಅಪ್‌ಡೇಟ್ ಮಾಡದ ಕಾರಣಕ್ಕೆ. 2024ರಲ್ಲಿ ಅಲ್ಲಿನ ಕುಟುಂಬ ವೈದ್ಯರು ರೋಗಿಗಳ ದಾಖಲೆ ನೋಡಲಾಗದೆ ಕಾಗದ ಹಿಡಿದದ್ದು ಅಪ್‌ಡೇಟ್ ಮಾಡಿದ ಕಾರಣಕ್ಕೆ. ಮಾಡಿದರೂ ಕಷ್ಟ, ಬಿಟ್ಟರೂ ಕಷ್ಟ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಎರಡರ ನಡುವೆ ಮಹತ್ವದ ವ್ಯತ್ಯಾಸವೊಂದಿದೆ. ಅಪ್‌ಡೇಟ್ ಕೆಟ್ಟರೆ ಯಂತ್ರ ನಿಲ್ಲುತ್ತದೆ, ದತ್ತಾಂಶ ಸಾಮಾನ್ಯವಾಗಿ ಉಳಿಯುತ್ತದೆ. ದಾಳಿಕೋರ ಒಳಹೊಕ್ಕರೆ ದತ್ತಾಂಶವೇ ಹೋಗುತ್ತದೆ. ಮೊದಲನೆಯದಕ್ಕೆ ದುರಸ್ತಿಯುಂಟು, ಎರಡನೆಯದಕ್ಕೆ ಬಹುಪಾಲು ಸಂದರ್ಭಗಳಲ್ಲಿ ಇಲ್ಲ.

ಒಂದಗುಳಿನ ಪರೀಕ್ಷೆ

ಆದ್ದರಿಂದ ಚರ್ಚೆ ನಡೆಯಬೇಕಾದುದು ಅಪ್‌ಡೇಟ್ ಬೇಕೇ ಬೇಡವೇ ಎಂಬುದರ ಬಗ್ಗೆಯಲ್ಲ. ಅದು ಯಾವ ಕ್ರಮದಲ್ಲಿ ಬರಬೇಕು, ತಪ್ಪಿದರೆ ಹಿಂದಿರುಗುವ ದಾರಿ ಯಾರ ಕೈಯಲ್ಲಿರಬೇಕು ಎಂಬುದರ ಬಗ್ಗೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡುವುದು ನಮ್ಮ ಮನೆಗಳ ಪದ್ಧತಿ. ತಂತ್ರಾಂಶ ಜಗತ್ತಿನಲ್ಲಿಯೂ ಈ ವಿವೇಕ ಹೊಸದಲ್ಲ. ಮೊದಲು ತನ್ನದೇ ಸಿಬ್ಬಂದಿಯ ಯಂತ್ರಗಳಿಗೆ, ನಂತರ ಕೆಲವೇ ಗ್ರಾಹಕರಿಗೆ, ತೊಂದರೆ ಕಾಣದಿದ್ದರೆ ಹಂತಹಂತವಾಗಿ ಉಳಿದವರಿಗೆ ಬಿಡುಗಡೆ ಮಾಡುವುದು ಸುಸ್ಥಾಪಿತ ಕ್ರಮ. ಕ್ರೌಡ್‌ಸ್ಟ್ರೈಕ್ ಕೂಡ ತನ್ನ ತಂತ್ರಾಂಶದ ಹೊಸ ಆವೃತ್ತಿಗಳಿಗೆ ಈ ಕ್ರಮ ಅನುಸರಿಸುತ್ತಿತ್ತು. ಒಂದೆರಡು ಆವೃತ್ತಿ ಹಿಂದೆಯೇ ಉಳಿಯುವ ಆಯ್ಕೆಯನ್ನೂ ಗ್ರಾಹಕರಿಗೆ ಕೊಟ್ಟಿತ್ತು.

ಆದರೆ ಹೊಸ ದಾಳಿಗಳನ್ನು ಗುರುತಿಸುವ ಮಾಹಿತಿ ಕಡತಗಳಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ದಾಳಿಕೋರರು ಕಾಯುವುದಿಲ್ಲ, ಆದ್ದರಿಂದ ರಕ್ಷಣೆಯೂ ಕಾಯಬಾರದು ಎಂಬುದು ಅದರ ಹಿಂದಿನ ತರ್ಕ. ಪರಿಣಾಮವಾಗಿ ಎಚ್ಚರಿಕೆಯಿಂದ ಹಳೆಯ ಆವೃತ್ತಿಯಲ್ಲೇ ಉಳಿದಿದ್ದ ಸಂಸ್ಥೆಗಳೂ ಜುಲೈ 19ರಂದು ಕುಸಿದವು. ತಮ್ಮ ಪಾಲಿನ ಜಾಗ್ರತೆ ವಹಿಸಿದವರಿಗೂ ಅಂದು ರಕ್ಷಣೆ ಸಿಗಲಿಲ್ಲ ಎಂಬುದೇ ಈ ಪ್ರಕರಣದ ಅತ್ಯಂತ ಕಹಿಯಾದ ಅಂಶ.

ಘಟನೆಯ ಬಳಿಕ ಸಂಸ್ಥೆ ಮಾಹಿತಿ ಕಡತಗಳಿಗೂ ಹಂತಹಂತದ ಬಿಡುಗಡೆಯನ್ನು ಜಾರಿಗೆ ತಂದಿತು. ಅವು ಯಾವಾಗ, ಯಾವ ಯಂತ್ರಗಳಿಗೆ ಬರಬೇಕೆಂಬ ನಿಯಂತ್ರಣವನ್ನೂ ಗ್ರಾಹಕರಿಗೆ ನೀಡಿತು. 2024ರ ಸೆಪ್ಟೆಂಬರ್ 24ರಂದು ಅಮೆರಿಕದ ಪ್ರತಿನಿಧಿ ಸಭೆಯ ಉಪಸಮಿತಿಯ ಮುಂದೆ ಹಾಜರಾದ ಸಂಸ್ಥೆಯ ಹಿರಿಯ ಉಪಾಧ್ಯಕ್ಷ ಆಡಂ ಮೇಯರ್ಸ್ ಕ್ಷಮೆ ಯಾಚಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತೆಂದು ಟೀಕಿಸಬಹುದು. ಆದರೂ ಬಾಗಿಲು ಹಾಕಿದ್ದು ಒಳ್ಳೆಯದೇ.

ಮೈಕ್ರೋಸಾಫ್ಟ್ ಕೂಡ ಎಚ್ಚೆತ್ತಿತು. ಚಾಲೂ ಆಗದ ಯಂತ್ರವೊಂದು ದುರಸ್ತಿ ವ್ಯವಸ್ಥೆಯ ಮೂಲಕವೇ ಅಂತರ್ಜಾಲಕ್ಕೆ ಸಂಪರ್ಕಿಸಿ ಪರಿಹಾರ ಪಡೆಯುವ ಸೌಲಭ್ಯವನ್ನು 2024ರ ನವೆಂಬರ್‌ನಲ್ಲಿ ಘೋಷಿಸಿ, 2025ರಲ್ಲಿ ವಿಂಡೋಸ್ 11ಕ್ಕೆ ಸೇರಿಸಿತು. ಔಷಧ ತಲುಪುವುದು ಹೇಗೆಂಬ ಪ್ರಶ್ನೆಗೆ ಇದು ಉತ್ತರ. ರಕ್ಷಣಾ ತಂತ್ರಾಂಶಗಳು ಕರ್ನಲ್‌ನ ಹೊರಗಿನಿಂದಲೇ ಕೆಲಸ ಮಾಡುವ ಏರ್ಪಾಟನ್ನೂ 2025ರ ಜೂನ್‌ನಲ್ಲಿ ಪ್ರಕಟಿಸಿತು. ಆ್ಯಪಲ್ ಸಂಸ್ಥೆ ಇಂತಹ ಏರ್ಪಾಟನ್ನು 2019ರ ಕ್ಯಾಟಲಿನಾ ಆವೃತ್ತಿಯಲ್ಲಿಯೇ ಪರಿಚಯಿಸಿತ್ತೆಂಬುದು ಇಲ್ಲಿ ಉಲ್ಲೇಖನೀಯ. ಅಂದಹಾಗೆ, ದಶಕಗಳಿಂದ ಭಯ ಹುಟ್ಟಿಸುತ್ತಿದ್ದ ನೀಲಿ ಪರದೆ ಹೊಸ ವಿಂಡೋಸ್‌ನಲ್ಲಿ ಕಪ್ಪು ಬಣ್ಣಕ್ಕೆ ತಿರುಗಿದೆ. ಬಣ್ಣ ಬದಲಾದರೂ ಅರ್ಥ ಬದಲಾಗಿಲ್ಲ.

ಮನೆಯ ಕಂಪ್ಯೂಟರ್ ನಿಂತರೆ

ದೊಡ್ಡ ಸಂಸ್ಥೆಗಳಿಗೆ ತಂತ್ರಜ್ಞರ ಪಡೆಯಿದೆ. ಹುಬ್ಬಳ್ಳಿಯ ಲೆಕ್ಕಪರಿಶೋಧಕರ ಕಚೇರಿಗೋ, ಮೈಸೂರಿನ ನಿವೃತ್ತ ಶಿಕ್ಷಕರ ಮನೆಗೋ ಆ ಸೌಕರ್ಯವಿಲ್ಲ. ಆದರೆ ಮೇಲಿನ ಎರಡು ಸೂತ್ರಗಳು ಅವರಿಗೂ ಅನ್ವಯಿಸುತ್ತವೆ: ಕ್ರಮ ಮತ್ತು ಹಿಂದಿರುಗುವ ದಾರಿ.

ಮೊದಲನೆಯದಾಗಿ, ಅಪ್‌ಡೇಟ್‌ಗೆ ಮುನ್ನ ಮುಖ್ಯ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕ್‌ನಲ್ಲಿ ಇರಿಸಿಕೊಳ್ಳಬೇಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆದಾರರ ಅರಿವಿಗೇ ಬಾರದಂತೆ ಡಿಸ್ಕ್ ಗೂಢಲಿಪೀಕರಣ ಜಾರಿಯಲ್ಲಿರುವ ಸಾಧ್ಯತೆ ಹೆಚ್ಚು. 48 ಅಂಕಿಗಳ ಕೀಲಿಯನ್ನು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಪಡೆದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ. ಜುಲೈ 19ರಂದು ದೊಡ್ಡ ದೊಡ್ಡ ಸಂಸ್ಥೆಗಳೇ ಪರದಾಡಿದ್ದು ಈ ಕೀಲಿಗಾಗಿ.

ಎರಡನೆಯದಾಗಿ, ಹೊಸ ಆವೃತ್ತಿಗೆ ಬದಲಾಗುವಾಗ ಡಿಸ್ಕ್‌ನಲ್ಲಿ ಸುಮಾರು 20 ಜಿಬಿಯಷ್ಟಾದರೂ ಜಾಗ ಖಾಲಿಯಿರಲಿ. ಪ್ರಿಂಟರ್, ಪೆನ್‌ಡ್ರೈವ್ ಮುಂತಾದವನ್ನು ಕಳಚಿಡಿ. ಬೇರೆ ಕಂಪನಿಯ ವೈರಸ್ ನಿರೋಧಕವಿದ್ದರೆ ತಾತ್ಕಾಲಿಕವಾಗಿ ತೆಗೆಯುವುದು ಒಳಿತು, ಏಕೆಂದರೆ ಅನುಸ್ಥಾಪನೆಯ ಕುಸಿತಗಳಲ್ಲಿ ಚಾಲಕ ತಂತ್ರಾಂಶಗಳ ಮತ್ತು ರಕ್ಷಣಾ ತಂತ್ರಾಂಶಗಳ ಪಾತ್ರ ದೊಡ್ಡದು. ವಿದ್ಯುತ್ ಕೈಕೊಡುವ ವೇಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಅರ್ಧದಲ್ಲಿ ವಿದ್ಯುತ್ ಹೋದರೆ ಅತ್ಯುತ್ತಮ ಅಪ್‌ಡೇಟ್ ಕೂಡ ಯಂತ್ರ ಕೆಡಿಸಬಲ್ಲದು. ಪರದೆಯ ಮೇಲಿನ ಶೇಕಡಾವಾರು ಅಂಕಿ ಬಹಳ ಹೊತ್ತು ನಿಂತಲ್ಲೇ ನಿಂತರೂ ಆತುರದಿಂದ ಪವರ್ ಗುಂಡಿ ಒತ್ತುವುದು ತರವಲ್ಲ.

ಮೂರನೆಯದಾಗಿ, ಕುಸಿತ ಸಂಭವಿಸಿದರೆ ದೋಷಸಂಖ್ಯೆಯನ್ನು ಬರೆದುಕೊಳ್ಳಬೇಕು ಅಥವಾ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಬೇಕು. ಕಾರಣಗಳು ಹಲವಾದ್ದರಿಂದ ಸಂಖ್ಯೆಯಿಲ್ಲದೆ ಪರಿಹಾರ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ. ಬಹುತೇಕ ಸಂದರ್ಭಗಳಲ್ಲಿ ವಿಂಡೋಸ್ ತಾನಾಗಿಯೇ ಹಳೆಯ ಸ್ಥಿತಿಗೆ ಮರಳುತ್ತದೆ. ಮರಳದೆ ಎರಡು ಮೂರು ಬಾರಿ ಚಾಲನೆ ವಿಫಲವಾದರೆ ದುರಸ್ತಿ ಪರದೆ ತೆರೆದುಕೊಳ್ಳುತ್ತದೆ. ಅಲ್ಲಿ ಇತ್ತೀಚಿನ ಅಪ್‌ಡೇಟ್ ತೆಗೆದುಹಾಕುವ ಆಯ್ಕೆಯೂ, ಸೇಫ್ ಮೋಡ್‌ನ ಆಯ್ಕೆಯೂ ಇವೆ. ಹೊಸ ಆವೃತ್ತಿಗೆ ಬದಲಾದ 10 ದಿನಗಳೊಳಗೆ ಹಳೆಯದಕ್ಕೆ ಮರಳುವ ಅವಕಾಶವೂ ಇರುತ್ತದೆ. ಈ ಗಡುವು ಅನೇಕರಿಗೆ ತಿಳಿದಿಲ್ಲ.

ಒಂದಗುಳಿನ ಪರೀಕ್ಷೆಯನ್ನು ಸಣ್ಣ ಕಚೇರಿಯೂ ಮಾಡಬಹುದು. 5 ಕಂಪ್ಯೂಟರ್‌ಗಳಿದ್ದರೆ ಮೊದಲು ಒಂದಕ್ಕೆ ಅಪ್‌ಡೇಟ್ ಹಾಕಿ, ಕೆಲವು ದಿನ ಗಮನಿಸಿ, ಬಳಿಕ ಉಳಿದವಕ್ಕೆ ಹಾಕಿದರಾಯಿತು. ಅಪ್‌ಡೇಟ್ ಅನ್ನು ಕೆಲವು ವಾರ ಮುಂದೂಡುವ ಆಯ್ಕೆ ವಿಂಡೋಸ್‌ನಲ್ಲಿಯೇ ಇದೆ. ಕೆಲವು ದಿನದ ಮುಂದೂಡಿಕೆ ಎಚ್ಚರಿಕೆ, ಕೆಲವು ತಿಂಗಳ ಮುಂದೂಡಿಕೆ ಅಪಾಯ. ಯಂತ್ರವು ಹೊಸ ಆವೃತ್ತಿಗೆ ಅರ್ಹವಾಗಿಲ್ಲದಿದ್ದರೆ, ವಿಂಡೋಸ್ 10ರ ಮನೆಬಳಕೆದಾರರು ನೋಂದಾಯಿಸಿಕೊಂಡು 2026ರ ಅಕ್ಟೋಬರ್ 13ರವರೆಗಿನ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ಯೋಜನೆಯನ್ನೂ ಮೈಕ್ರೋಸಾಫ್ಟ್ ರೂಪಿಸಿದೆ. ಆಯ್ಕೆಯ ಅವಧಿ ಸೀಮಿತವೆಂಬುದು ನೆನಪಿರಲಿ.

ಹೊಣೆ ಯಾರದು?

ಉಳಿಯುವ ಪ್ರಶ್ನೆ ಹೊಣೆಗಾರಿಕೆಯದು. ಜುಲೈ 19ರ ಘಟನೆಯಿಂದ ಅಮೆರಿಕದ 500 ದೊಡ್ಡ ಕಂಪನಿಗಳಿಗೆ, ಮೈಕ್ರೋಸಾಫ್ಟ್ ಹೊರತುಪಡಿಸಿ, ಸುಮಾರು 540 ಕೋಟಿ ಡಾಲರ್ ನಷ್ಟವಾಯಿತೆಂದು ಪ್ಯಾರಾಮೆಟ್ರಿಕ್ಸ್ ಎಂಬ ವಿಮಾ ವಿಶ್ಲೇಷಣಾ ಸಂಸ್ಥೆ ಅಂದಾಜಿಸಿತು. ತನಗೊಬ್ಬನಿಗೇ 50 ಕೋಟಿ ಡಾಲರ್ ನಷ್ಟವಾಗಿದೆಯೆಂದು ಡೆಲ್ಟಾ ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ರೌಡ್‌ಸ್ಟ್ರೈಕ್ ವಿರುದ್ಧ ದಾವೆ ಹೂಡಿತು. ಡೆಲ್ಟಾದ ಚೇತರಿಕೆ ಇತರರಿಗಿಂತ ನಿಧಾನವಾದುದಕ್ಕೆ ಅದರದೇ ವ್ಯವಸ್ಥೆ ಕಾರಣವೆಂದು ಕ್ರೌಡ್‌ಸ್ಟ್ರೈಕ್ ಪ್ರತಿವಾದಿಸಿತು. 2025ರ ಮೇ ತಿಂಗಳಲ್ಲಿ ಜಾರ್ಜಿಯಾ ರಾಜ್ಯದ ನ್ಯಾಯಾಲಯವು ಡೆಲ್ಟಾದ ಬಹುತೇಕ ಆರೋಪಗಳ ವಿಚಾರಣೆ ಮುಂದುವರಿಯಲೆಂದು ತೀರ್ಪಿತ್ತಿತು.

ಡೆಲ್ಟಾಗೆ ವಕೀಲರಿದ್ದಾರೆ. ಆದರೆ ಸಾಮಾನ್ಯ ಬಳಕೆದಾರನ ಪಾಡೇನು? ಅನುಸ್ಥಾಪನೆಯ ವೇಳೆ ಓದದೆಯೇ ‘ಒಪ್ಪಿದ್ದೇನೆ’ ಎಂದು ಒತ್ತುವ ಉದ್ದನೆಯ ಷರತ್ತುಪಟ್ಟಿಯಲ್ಲಿ ನಷ್ಟಕ್ಕೆ ಕಂಪನಿಯ ಹೊಣೆ ಎಷ್ಟು ಕಡಿಮೆಯೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಕೆಡವಿದವರು ಯಾರೇ ಇರಲಿ, ಎತ್ತಿ ನಿಲ್ಲಿಸುವ ಖರ್ಚು ಬಿದ್ದವನದೇ. ಒಂದು ದಿನದ ವ್ಯವಹಾರ, ದುರಸ್ತಿ ಅಂಗಡಿಯ ಶುಲ್ಕ, ಕಳೆದುಹೋದ ಕಡತ ಯಾವ ನ್ಯಾಯಾಲಯದ ಲೆಕ್ಕಕ್ಕೂ ಬರುವುದಿಲ್ಲ.

ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳಂತಹ ಸಾರ್ವಜನಿಕ ಸೇವೆಗಳ ವಿಷಯದಲ್ಲಿಯಾದರೂ ಸರ್ಕಾರಗಳು ಎರಡು ಷರತ್ತುಗಳನ್ನು ಖರೀದಿ ಕರಾರಿನಲ್ಲಿಯೇ ಸೇರಿಸುವುದು ಕಷ್ಟವೇನಲ್ಲ. ಯಾವ ಅಪ್‌ಡೇಟ್ ಕೂಡ ಒಂದೇ ಏಟಿಗೆ ಎಲ್ಲ ಯಂತ್ರಗಳಿಗೆ ಹೋಗಕೂಡದು. ಹಾಗೂ ಯಂತ್ರ ಚಾಲೂ ಆಗದ ಸ್ಥಿತಿಯಲ್ಲಿಯೂ ಹಿಂದಿನ ಸ್ಥಿತಿಗೆ ಮರಳುವ ವ್ಯವಸ್ಥೆ ಬಳಕೆದಾರನ ಕೈಯಲ್ಲಿರಬೇಕು. ದೇಶದ ತಂತ್ರಾಂಶ ರಾಜಧಾನಿಯೆನಿಸಿದ ಬೆಂಗಳೂರಿನಿಂದ ಈ ಬೇಡಿಕೆ ಮೊದಲು ಏಳಬೇಕಾದುದು ಸಹಜ.

ಅಂದು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ವಿಮಾನ ಹತ್ತಿಸಿದ್ದು ಪೆನ್ನು, ಕಾಗದ ಮತ್ತು ಅವುಗಳನ್ನು ಬಳಸಬಲ್ಲ ಸಿಬ್ಬಂದಿ. ಅದು ಹಿಂದಿರುಗುವ ದಾರಿಯ ಅತ್ಯಂತ ಸರಳ ರೂಪ. ಮುಂದಿನ ಬಾರಿ ‘ಈಗಲೇ ಅಪ್‌ಡೇಟ್ ಮಾಡಿ’ ಎಂಬ ಸೂಚನೆ ಪರದೆಯ ಮೇಲೆ ಮೂಡಿದಾಗ ಒಪ್ಪಿಗೆ ಕೊಡಿ. ಕೊಡುವ ಮುನ್ನ ನಿಮ್ಮ ಪೆನ್ನು, ಕಾಗದ ಎಲ್ಲಿವೆಯೆಂದು ಒಮ್ಮೆ ನೋಡಿಕೊಳ್ಳಿ.